ಟ್ಯಾಂಕಿನ ಅಡಿಯ ಗುರುತು

ಮಂಜುಗಡ್ಡೆ ಮಾರುವವನು ಜಗತ್ತನ್ನು ನಂಬುವುದು ಕಷ್ಟ. ಅವನ ಮಾಲು ಕಣ್ಣೆದುರೇ ಕರಗುವಂಥದ್ದು. ದಾರಿಯಲ್ಲಿ ಐದು ಗಡ್ಡೆಯನ್ನು ಬೇರೆಯವರಿಗೆ ಇಳಿಸಿಕೊಟ್ಟ ಟೆಂಪೋದವನೂ ‘ಕರಗಿತು ಮಾರಾಯ’ ಅನ್ನುತ್ತಾನೆ. ಪಾಪ, ನಿಜವಾಗಿ ಕರಗಿಸಿಕೊಂಡವನೂ ಅದನ್ನೇ ಅನ್ನುತ್ತಾನೆ. ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಯ ಪಕ್ಕದ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೊಂದು ವರ್ಷದಿಂದ ಸೂಪರ್‌ವೈಸರ್ ಆಗಿದ್ದ ಕಮಲೇಶನಿಗೆ ಈ ಎರಡು ಮಾತುಗಳಲ್ಲಿ ಸುಳ್ಳು ಯಾವುದೆಂದು ಹಿಡಿಯುವುದೇ ಕೆಲಸ. ಆ ಕೆಲಸದ ಕಣ್ಣನ್ನು ಸಂಜೆ ಪ್ಲಾಂಟಿನಲ್ಲೇ ಬಿಟ್ಟು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಅದನ್ನು ಮಂಗಳೂರಿನ ಬೋಳಾರದ ಮನೆಗೂ ತರುತ್ತಿದ್ದ.

ಹಾಗಾಗಿ ಒಂದು ಸಂಜೆ ಹಿಶಾಮ್ ಮನೆಗೆ ಬಂದು, “ಕಮಲೇಶಣ್ಣ, ನಿಮ್ಮ ಯೆಜ್ಡಿ ಬೈಕ್ ನನಗೆ ಎಂಟು ದಿನಕ್ಕೆ ಬೇಕಿತ್ತು” ಎಂದಾಗ ಕಮಲೇಶನ ಮನಸ್ಸಿಗೆ ಮೊದಲು ಬಂದ ಪ್ರಶ್ನೆ ‘ಯಾಕೆ’ ಅಲ್ಲ. ‘ಒಂಬತ್ತನೇ ದಿನ ಎಂತ’ ಎಂಬುದು.

ಹಿಶಾಮ್ ಪರಕೀಯನೇನೂ ಅಲ್ಲ. ಉಳ್ಳಾಲದ ನೂರ್ ಮುಹಮ್ಮದರ ಮಗ. ಊರಿಗೆಲ್ಲ ನೂರಾಕ ಆಗಿರುವ ಅವರಿಗೆ ಬಂದರಿನಲ್ಲಿ ಹಗ್ಗ, ಬಲೆ, ದೋಣಿಯ ಇಂಜಿನಿನ ಬಿಡಿಭಾಗಗಳ ಅಂಗಡಿ. ಕಮಲೇಶನ ಅಪ್ಪ ಅಂಗಾರ ಬದುಕಿದ್ದಷ್ಟು ದಿನ ಇಬ್ಬರೂ ಒಂದೇ ಜೀವ. ಹನ್ನೆರಡು ವರ್ಷದ ಹಿಂದೆ ಅಂಗಾರ ತೀರಿಹೋದಾಗ ನೆಂಟರಿಗಿಂತ ಮೊದಲು ಅಂಗಳಕ್ಕೆ ಬಂದು ನಿಂತವರು ನೂರಾಕ. ಹಿಶಾಮ್ ದುಬೈಯಲ್ಲಿ ಬೈಕು ಮಾರುವ ದೊಡ್ಡ ಅಂಗಡಿಯಲ್ಲಿ ಎಂಟು ವರ್ಷ ದುಡಿದು ಈಗ ಊರಿಗೆ ಬಂದಿದ್ದ. ಅದೇ ಮಾಲಕರು ಮಂಗಳೂರಿನಲ್ಲಿ ಹಳೇ ಶೈಲಿಯ ಹೊಸ ಬೈಕುಗಳ ಮಳಿಗೆ ತೆರೆಯುವ ಆಲೋಚನೆಯಲ್ಲಿದ್ದರು. ಮಳಿಗೆ ಆದರೆ ಹಿಶಾಮನೇ ಮ್ಯಾನೇಜರ್. ಅದಕ್ಕೆ ಮೊದಲು ಅವನೊಂದು ವರದಿ ಕೊಡಬೇಕಿತ್ತು: ಯಾವ ಊರಿನವರು ಇಂಥ ಬೈಕನ್ನು ಯಾಕೆ ಕೊಳ್ಳುತ್ತಾರೆ ಎಂದು.

“ಇಂಗ್ಲೆಂಡಿನಲ್ಲಿ ಕೊಳ್ಳುವವರು ರಿಟೈರ್ ಆದವರು,” ಹಿಶಾಮ್ ಜಗಲಿಯಲ್ಲಿ ಕುಳಿತು ಹೇಳಿದ. “ಹರೆಯದಲ್ಲಿ ಆಸೆ ಇತ್ತು, ಆಗ್ಲಿಲ್ಲ. ಈಗ ತಗೊಂಡು ಭಾನುವಾರ ಮಾತ್ರ ತೆಗೀತಾರೆ. ಇಂಜಿನಿನಿಂದ ಎಣ್ಣೆ ಸೋರಿದ್ರೆ ಅದನ್ನೂ ಪ್ರೀತಿಯಲ್ಲಿ ಹೇಳ್ಕೊಳ್ತಾರೆ. ಥಾಯ್ಲೆಂಡಿನ ಹುಡುಗರು ಹಾಗಲ್ಲ. ತಂದ ಮರುದಿನವೇ ಸೀಟು, ಹ್ಯಾಂಡಲ್, ಲೈಟು ಎಲ್ಲ ಬದಲಾಯಿಸ್ತಾರೆ. ದುಬೈಯವರಿಗೆ ನೋಡ್ಲಿಕ್ಕೆ ಅಜ್ಜನ ಬೈಕ್ ಆಗ್ಬೇಕು, ಸ್ಟಾರ್ಟ್ ಮಾತ್ರ ಮೊಮ್ಮಗನದ್ದರ ಹಾಗೆ ಆಗ್ಬೇಕು. ರಜೆಯ ದಿನ ಬಿಸಿಲು ಏರುವ ಮೊದಲು ಗುಡ್ಡದ ರಸ್ತೆಗೆ ಹೋಗಿ ಕಾಫಿ ಕುಡಿದು ಬಂದ್ರೆ ಮುಗೀತು. ನಮ್ಮ ಉತ್ತರದ ಕಡೆಯವರಿಗೆ ಸದ್ದು ಬೇಕು, ತೂಕ ಬೇಕು.”

“ಮಂಗಳೂರಿನವರಿಗೆ?”

“ಅದೇ ಗೊತ್ತಾಗ್ಲಿಲ್ಲ. ಆ ಕಾಲಂ ಖಾಲಿ ಉಂಟು. ಇಲ್ಲಿ ಉಪ್ಪುಗಾಳಿ ಕ್ರೋಮನ್ನು ತಿಂತದೆ, ಮಳೆ ಪೈಂಟನ್ನು ತಿಂತದೆ, ಆದ್ರೂ ನಿಮ್ಮಂಥವರು ನಲವತ್ತು ವರ್ಷದ ಬೈಕ್ ಇಟ್ಕೊಂಡಿದ್ದೀರಿ. ಅದಕ್ಕೇ ಉಳ್ಳಾಲ ಬೀಚಿನಲ್ಲಿ ನಿಮ್ಮದನ್ನೂ ನಮ್ಮ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸ್ತೇನೆ. ಬಂದವರು ಎರಡರ ಮೇಲೂ ಕೂತು ನೋಡಿ ಫಾರ್ಮ್ ತುಂಬಿಸ್ಲಿ.” ಆಮೇಲೆ ಹುಡುಗ ಹೇಳಬಾರದ ಒಂದು ಮಾತು ಹೇಳಿದ: “ಇಂಥದ್ದಕ್ಕೆ ಹೊರಗೆ ಎಂಥ ಬೆಲೆ ಗೊತ್ತುಂಟಾ? ಲಂಡನ್ನಿನಲ್ಲಿ ಮೂಲ ಟ್ಯಾಂಕ್ ಒಂದಕ್ಕೇ ಸಾಲು ನಿಲ್ತಾರೆ.”

ಮೂಲ ಟ್ಯಾಂಕ್. ಆ ಎರಡು ಶಬ್ದ ಕಮಲೇಶನ ಕಿವಿಯೊಳಗೆ ಹೋಗಿ ಅಲ್ಲೇ ಬಿಡಾರ ಹೂಡಿದವು.

ಬೈಕು ಅಡುಗೆಮನೆಯ ಪಕ್ಕದ ಶೆಡ್ಡಿನಲ್ಲಿತ್ತು. ಎಂಬತ್ತೊಂದರ ಯೆಜ್ಡಿ, ಮರೂನ್ ಬಣ್ಣ, ಟ್ಯಾಂಕಿನ ಎರಡು ಬದಿಗೂ ಕೈಯಲ್ಲೇ ಎಳೆದ ಚಿನ್ನದ ಬಣ್ಣದ ಗೆರೆ. ಅಂಗಾರ ಅದರ ಹಿಂದೆ ಬುಟ್ಟಿ ಕಟ್ಟಿ ಧಕ್ಕೆಯಿಂದ ಜೆಪ್ಪುವಿನ ಮಾರ್ಕೆಟಿಗೆ ಮೀನು ಒಯ್ಯುತ್ತಿದ್ದ. ಮುಂದೆ ಟ್ಯಾಂಕಿನ ಮೇಲೆ ಪುಟ್ಟ ಕಮಲೇಶ. ಕಾಲಿನ ನಡುವೆ ಬಿಸಿಯಾಗುತ್ತಿದ್ದ ಆ ತಗಡು, ಬೆನ್ನಿಗೆ ಒತ್ತುತ್ತಿದ್ದ ಅಪ್ಪನ ಎದೆ, ಇವೆರಡಕ್ಕಿಂತ ಹಳೆಯ ನೆನಪು ಅವನಲ್ಲಿ ಇರಲಿಲ್ಲ. ಅಪ್ಪ ಹೋದ ಮೇಲೆ ಪ್ರತಿ ಭಾನುವಾರ ಆ ಟ್ಯಾಂಕನ್ನು ಒರೆಸುವುದು ಅವನ ಪೂಜೆ. ಮಳೆಗಾಲದ ಆಟಿ ತಿಂಗಳು ಬಂದರೆ ದೋಣಿಗೆ ಹಚ್ಚುವ ಹಾಗೆ ಬೈಕಿಗೂ ಬೂತಾಯಿ ಎಣ್ಣೆ ಹಚ್ಚುವುದು ಮನೆಯ ಕ್ರಮ. ಮಳೆಗಾಲ ಕಳೆದರೂ ಆ ಮೀನೆಣ್ಣೆಯ ವಾಸನೆ ಹೋಗುತ್ತಿರಲಿಲ್ಲ.

ಅಮ್ಮ ಕುಮುದಿನಿ ಚಹಾ ತಂದಿಟ್ಟು, ಕೂರದೆ, ಹಿಶಾಮನ ಮುಖವನ್ನೂ ನೋಡದೆ ಒಳಗೆ ಹೋದರು. ನೂರಾಕರ ಮನೆಯವರ ಜೊತೆ ಅವರು ಯಾವಾಗಲೂ ಹಾಗೆಯೇ. ಪೆರ್ನಾಳ್ ಹಬ್ಬಕ್ಕೆ ಅಲ್ಲಿಂದ ಕಳಿಸಿದ ತಿಂಡಿಯನ್ನೂ ಪಕ್ಕದ ಮನೆಗೆ ದಾಟಿಸುತ್ತಿದ್ದರು. ಯಾಕೆಂದು ಕಮಲೇಶನಿಗೆ ಗೊತ್ತಿರಲಿಲ್ಲ. ಕೇಳಿದರೆ, “ನಿನಗೆ ಬೇಡದ ವಿಷಯ” ಎನ್ನುತ್ತಿದ್ದರು.

ಒಂದು ಕಾಗದ ಬರೆಸಿಕೊಳ್ಳಬೇಕೆಂದು ಕಮಲೇಶನ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಅಪ್ಪನ ಗೆಳೆಯನ ಮಗನ ಹತ್ತಿರ ರಸೀದಿ ಕೇಳುವುದು ಹೇಗೆ? ನಾಚಿಕೆಯಾಯಿತು. ಕೀ ಕೊಟ್ಟ. ಕೊಟ್ಟ ಮೇಲೆ ಎಂಟು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಬೈಕು ಹೇಳಿದ ದಿನವೇ ವಾಪಸು ಬಂತು. ಬಂದದ್ದು ಹೊಳೆಯುತ್ತಾ ಬಂತು, ಅದೇ ತೊಂದರೆ. ಕಮಲೇಶ ಬಗ್ಗಿ ಮೂಸಿದ. ಮೀನೆಣ್ಣೆಯ ವಾಸನೆ ಇಲ್ಲ, ನಿಂಬೆಹುಳಿಯದ್ದೇನೋ ಪರಿಮಳ.

“ಬಂದವರು ಮೂಗು ಮುಚ್ಚಿಕೊಂಡ್ರು ಕಮಲೇಶಣ್ಣ,” ಹಿಶಾಮ್ ನಕ್ಕ. “ಶಾಂಪೂ ಹಾಕಿ ತೊಳೆದೆ, ಪಾಲಿಶ್ ಹಾಕಿದೆ. ಬೇಜಾರಿಲ್ಲ ಅಲ್ವಾ?”

“ಎಂತ ಬೇಜಾರು,” ಎಂದ ಕಮಲೇಶ. ಹಿಶಾಮ್ ಗೇಟು ದಾಟುವ ಮೊದಲೇ ಟ್ಯಾಂಕಿನ ಮುಂದೆ ಮಂಡಿಯೂರಿದ. ಗೆರೆ ಸ್ವಲ್ಪ ದಪ್ಪ ಕಾಣುತ್ತಿದೆಯೇ? ಬಣ್ಣ ಸ್ವಲ್ಪ ಕೆಂಪೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅವನ ಕಣ್ಣಿಗೆ ಆ ಹೊತ್ತು ಅದೇ ಆಗಿತ್ತು. ಮರುದಿನವೇ ಬೈಕನ್ನು ಜೆಪ್ಪುವಿನ ಮೆಕ್ಯಾನಿಕ್ ನೋಣಯ್ಯನ ಬಳಿಗೆ ಒಯ್ದ. ನೋಣಯ್ಯ ಆ ಬೈಕಿನ ಕಾರ್ಬುರೇಟರನ್ನು ಒಂದೆರಡು ಸಲ ತೊಳೆದುಕೊಟ್ಟವನು, ಅಷ್ಟೇ. ಕೇಳದೆ ಅವನು ಏನನ್ನೂ ಹೇಳುವವನಲ್ಲ. ಕೇಳಿದರೆ ಮಾತ್ರ ಮುಚ್ಚಿಡುವವನೂ ಅಲ್ಲ. ಟ್ಯಾಂಕಿನ ಸುತ್ತ ಬೆರಳು ಆಡಿಸಿ ನೋಡಿ ಹೇಳಿದ:

“ಇದು ಆ ವರ್ಷದ ಟ್ಯಾಂಕ್ ಅಲ್ಲ ಮಾರಾಯ. ಆಮೇಲೆ ಬಂದ ಮಾಡೆಲಿನದ್ದು.”

“ಸರಿಯಾಗಿ ಗೊತ್ತುಂಟಾ?”

“ಮೂವತ್ತು ವರ್ಷದಿಂದ ಇಂಥ ಬೈಕುಗಳನ್ನೇ ಬಿಚ್ಚುದಲ್ವಾ ನಾನು. ಇಂಜಿನಿಗೆ ನಂಬರ್ ಉಂಟು, ಚಾಸಿಸಿಗೆ ನಂಬರ್ ಉಂಟು, ಎರಡೂ ಆರ್‌ಸಿಯಲ್ಲಿ ಉಂಟು. ಟ್ಯಾಂಕಿಗೆ ಎಂತದೂ ಇಲ್ಲ. ಬದಲಾಯಿಸಿದ್ರೆ ಯಾರು ಹಿಡೀತಾರೆ?”

ಯಾವಾಗ ಬದಲಾಯಿತು ಎಂದು ಕಮಲೇಶ ಕೇಳಲಿಲ್ಲ. ಕೇಳಿದ್ದರೆ ನೋಣಯ್ಯ ‘ಅದು ನನಗೆ ಹೇಗೆ ಗೊತ್ತು’ ಎನ್ನುತ್ತಿದ್ದ, ಕತೆ ಅಲ್ಲೇ ಸ್ವಲ್ಪ ನಿಧಾನವಾಗುತ್ತಿತ್ತು. ಅನುಮಾನಕ್ಕೆ ಉತ್ತರ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆ ಯಾರಿಗಿರುತ್ತದೆ?

ಮನೆಗೆ ಬಂದು ಅಮ್ಮನಿಗೆ ಹೇಳಿದ. ಕುಮುದಿನಿ ಮೀನು ಕೊಯ್ಯುತ್ತಿದ್ದರು. ಕತ್ತಿ ನಿಂತಿತು.

“ಟ್ಯಾಂಕ್ ಬಿಚ್ಚಿ ಅಡಿಯಲ್ಲಿ ನೋಡು,” ಎಂದರು. “ನಿನ್ನ ಅಪ್ಪ ಬೈಕ್ ತಂದ ದಿನವೇ ಅಲ್ಲಿ ಮನೆಯ ಗುರುತು ಕೆತ್ತಿದ್ರು.”

ಗುರುತೆಂದರೆ ಮೂರು ನೆಟ್ಟಗಿನ ಗೆರೆ, ಮೇಲೆ ಒಂದು ಅಡ್ಡಗೆರೆ. ಅವರ ಮನೆಯ ಹುಟ್ಟುಗೋಲು, ಬಲೆಯ ಬೆಂಡು, ಬುಟ್ಟಿಯ ತಳ, ಎಲ್ಲದರ ಮೇಲೂ ಅದು ಇತ್ತು. ಕಡಲಿಗೆ ಇಳಿಯುವ ಪ್ರತಿ ಮನೆಗೂ ಒಂದೊಂದು ಗುರುತು. ನೀರಿಗೆ ಬಿದ್ದದ್ದು ಯಾವ ತೀರಕ್ಕೆ ಬಂದು ಬಿದ್ದರೂ, ಸಿಕ್ಕಿದವರು ಗುರುತು ನೋಡಿ ಆ ಮನೆಗೆ ಮುಟ್ಟಿಸಬೇಕು. ಮುಟ್ಟಿಸದೆ ಇಟ್ಟುಕೊಂಡವನನ್ನು ಕಳ್ಳ ಎಂದೂ ಕರೆಯುವುದಿಲ್ಲ, ಅದಕ್ಕಿಂತ ಕೆಟ್ಟ ಹೆಸರಿದೆ. ಬೈಕು ಕಡಲಿಗೆ ಇಳಿಯುವುದಿಲ್ಲವಲ್ಲ ಎಂದು ಅಂಗಾರನಿಗೆ ಹೇಳುವವರು ಯಾರು? ಅವನ ಮಟ್ಟಿಗೆ ಅದೂ ಒಂದು ದೋಣಿಯೇ.

ಕಮಲೇಶ ಪೈಪು ಕಳಚಿ, ಬೋಲ್ಟು ಬಿಚ್ಚಿ, ಟ್ಯಾಂಕನ್ನು ಅಂಗಳದಲ್ಲಿ ಮಗುಚಿ ಹಾಕಿದ. ಅಡಿ ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

ಅಮ್ಮ ದೂರದಿಂದಲೇ ನೋಡಿದರು. ಮೀನಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಕಮಲೇಶನಿಗೆ ಅಪ್ಪನ ಎದೆಗೆ ಒರಗಿ ತಾನು ಕುಳಿತ ಜಾಗವನ್ನೇ ಯಾರೋ ಹೊತ್ತುಕೊಂಡು ಹೋದಂತಾಗಿ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಹೆಚ್ಚಾಯಿತು. ಊರಿನ ಹಳೇ ಬೈಕುಗಳ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನೂ ಇದ್ದ, ಹಿಶಾಮನೂ ಇದ್ದ, ಇನ್ನೂರಕ್ಕೂ ಹೆಚ್ಚು ಜನ ಇದ್ದರು. ಅಲ್ಲಿ ಬರೆದ: ‘ಹಿಶಾಮ್ ಉಳ್ಳಾಲ ನನ್ನ ಅಪ್ಪನ ಯೆಜ್ಡಿಯನ್ನು ಶೋಗೆಂದು ಒಯ್ದು ಮೂಲ ಟ್ಯಾಂಕ್ ತೆಗೆದು ಬೇರೆ ಹಾಕಿ ಕೊಟ್ಟಿದ್ದಾನೆ. ಸಾಕ್ಷಿ ಉಂಟು. ಯಾರೂ ಇವನಿಗೆ ಗಾಡಿ ಕೊಡಬೇಡಿ.’ ನುಣ್ಣಗಿನ ಅಡಿಯ ಫೋಟೋವನ್ನೂ ಹಾಕಿದ. ಅರ್ಧ ಗಂಟೆಯಲ್ಲಿ ಅರವತ್ತು ಜನ ಅಯ್ಯೋ ಎಂದರು. ದುಬೈಯಲ್ಲಿದ್ದವರೂ ಎಂದರು.

ಮರುದಿನ ಮಧ್ಯಾಹ್ನ ನೂರಾಕ ಐಸ್ ಪ್ಲಾಂಟಿಗೇ ಬಂದರು. ಅರವತ್ತನಾಲ್ಕರ ಮನುಷ್ಯ, ಬಿಳಿ ಗಡ್ಡ. ಐಸ್ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಇಬ್ಬರೂ ಹೊರಗೆ ಬಂದು ಗೋಡೆಯ ನೆರಳಿಗೆ ನಿಂತರು.

“ಹುಡುಗ ಮುಟ್ಟಿಲ್ಲ ಕಮಲೇಶ. ನಿನ್ನ ಅಪ್ಪನ ಮೇಲೆ ಆಣೆ.”

“ಹಾಗಾದ್ರೆ ಟ್ಯಾಂಕ್ ಎಲ್ಲಿ ಹೋಯ್ತು ನೂರಾಕ? ಕರಗಿತಾ?”

ನೂರಾಕ ಧಕ್ಕೆಯ ಕಡೆ ನೋಡಿದರು, ಕೈಯ ವಾಚನ್ನು ಒಮ್ಮೆ ತಿರುಗಿಸಿದರು. ಆಮೇಲೆ ಹೇಳಿದರು, “ಆ ವರ್ಷದ್ದೇ ಟ್ಯಾಂಕ್ ಎಲ್ಲಿಂದಾದ್ರೂ ಹುಡುಕಿ ತಂದು ಕೊಡ್ತೇನೆ. ಆ ಬರೆದದ್ದನ್ನು ಅಳಿಸಿಬಿಡು. ಅವನ ಕೆಲಸ ಹೋಗ್ತದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತೆಗೆಯದವರು ತಂದುಕೊಡುತ್ತೇನೆ ಎಂದು ಯಾಕೆ ಹೇಳಬೇಕು? ಕಮಲೇಶ ಅವರ ಕಣ್ಣನ್ನೇ ನೋಡಿದ. ಅವರು ಕಣ್ಣು ತಪ್ಪಿಸಿದರು. ಇಪ್ಪತ್ತೊಂದು ವರ್ಷದಲ್ಲಿ ಅಂಥ ಕಣ್ಣುಗಳನ್ನು ಅವನು ಎಷ್ಟು ಕಂಡಿಲ್ಲ. ಈ ಮನುಷ್ಯನಿಗೆ ಏನೋ ಗೊತ್ತಿದೆ, ಗೊತ್ತಿರುವುದನ್ನು ನುಂಗುತ್ತಿದ್ದಾರೆ. ಅಷ್ಟು ಮಾತ್ರ ಅವನು ಸರಿಯಾಗಿಯೇ ಹಿಡಿದಿದ್ದ.

“ನನಗೆ ನನ್ನ ಟ್ಯಾಂಕೇ ಬೇಕು,” ಎಂದು ಒಳಗೆ ಹೋದ.

ಭಾನುವಾರ ಮಧ್ಯಾಹ್ನದ ನಮಾಜಿನ ಹೊತ್ತು ನೋಡಿಕೊಂಡೇ ಕಮಲೇಶ ಸ್ಕೂಟರಿನಲ್ಲಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದ. ನದಿ ಕಡಲು ಸೇರುವ ಅಳಿವೆಯ ಎದುರಿಗೇ, ಕೋಡಿಯಲ್ಲಿ, ನೂರಾಕರ ಹಳೆಯ ಗೋದಾಮು. ಬೀಗ ಇರಲಿಲ್ಲ, ಹಗ್ಗದ ಗಂಟು ಮಾತ್ರ. ಕದ್ದ ಮಾಲನ್ನು ಬೀಗವಿಲ್ಲದ ಕೋಣೆಯಲ್ಲಿ ಯಾರಾದರೂ ಇಡುತ್ತಾರೆಯೇ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಳೇ ಬಲೆಗಳನ್ನು ಸರಿಸಿದ, ತುಕ್ಕು ಹಿಡಿದ ಇಂಜಿನುಗಳನ್ನು ದಾಟಿದ. ಮೂಲೆಯ ಅಟ್ಟದ ಮೇಲೆ ಗೋಣಿ ಸುತ್ತಿಟ್ಟ ಒಂದು ಗಂಟು ಕಂಡಿತು. ಕೈ ಹಾಕಿದ ಕೂಡಲೇ ಗೊತ್ತಾಯಿತು. ನಲವತ್ತು ವರ್ಷದಿಂದ ಗೊತ್ತಿರುವ ಆಕಾರ ಅದು.

ಸಿಕ್ಕಿಬಿದ್ದರು ಎಂದುಕೊಂಡ. ಗೋಣಿ ಬಿಚ್ಚಿದ.

ಟ್ಯಾಂಕು ಹೌದು. ಆದರೆ ಒಂದು ಬದಿ ಪೂರ್ತಿ ಒಳಗೆ ಕುಸಿದು ಜಜ್ಜಿಹೋಗಿತ್ತು. ತುಕ್ಕು ತಿಂದು ಅಲ್ಲಲ್ಲಿ ತೂತು. ಅಂಚಿನಲ್ಲಿ ಸಣ್ಣ ಚಿಪ್ಪುಗಳು ಕಚ್ಚಿ ಒಣಗಿದ್ದವು. ಉಳಿದ ಬೆರಳಗಲದ ಬಣ್ಣದಲ್ಲಿ ಮರೂನಿನ ಮೇಲೆ ಚಿನ್ನದ ಗೆರೆಯ ಒಂದು ತುಂಡು. ಅಡಿಗೆ ತಿರುಗಿಸಿದ. ಮೂರು ನೆಟ್ಟಗಿನ ಗೆರೆ, ಮೇಲೆ ಒಂದು ಅಡ್ಡಗೆರೆ.

ಎಂಟು ದಿನದಲ್ಲಿ ಯಾವ ಟ್ಯಾಂಕೂ ಹೀಗಾಗುವುದಿಲ್ಲ. ಅಷ್ಟು ಅವನಿಗೂ ಗೊತ್ತಾಯಿತು.

“ಎಂಬತ್ತೆಂಟನೇ ಇಸವಿಯ ಆಟಿ,” ಎಂದಿತು ಬಾಗಿಲ ಕಡೆಯಿಂದ ಒಂದು ಸ್ವರ. ನೂರಾಕ ನಮಾಜು ಮುಗಿಸಿ ಬಂದಿದ್ದರು. ಸಿಟ್ಟಿರಲಿಲ್ಲ. ಒಂದು ಬಲೆಯ ರಾಶಿಯ ಮೇಲೆ ಕೂತರು.

“ಅದಕ್ಕೆ ಹಿಂದಿನ ವರ್ಷ ನಿನ್ನ ಅಪ್ಪನ ತಮ್ಮ ಅಳಿವೆಯಲ್ಲಿ ಮುಳುಗಿ ಹೋದದ್ದು ನಿನಗೆ ಗೊತ್ತುಂಟಲ್ಲ. ಆಟಿಯಲ್ಲಿ ಅಳಿವೆ ದಾಟುದಿಲ್ಲ ಅಂತ ನಿನ್ನ ಅಮ್ಮ ಅಂಗಾರನ ಹತ್ತಿರ ಮಂಗಳಾದೇವಿಯ ಎದುರು ಮಾತು ತಗೊಂಡಿದ್ರು. ಆದ್ರೆ ಎರಡು ದಿನ ಮಳೆ ಬಿಟ್ಟಿತು. ಅಳಿವೆಗೆ ಸಿಗಡಿ ಬಂದಿತ್ತು. ನಿನ್ನ ಅಪ್ಪ ಬೆಳಿಗ್ಗೆ ಬೈಕಿನಲ್ಲಿ ಇಲ್ಲಿಗೆ ಬಂದು, ದೋಣಿ ಕೊಡು ನೂರ್ ಅಂದ. ದೋಣಿ ನನ್ನದು. ಕೊಟ್ಟವ ನಾನು.”

ಕಮಲೇಶನ ಕೈಯಿಂದ ಟ್ಯಾಂಕನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟರು.

“ದೋಣಿಯ ಮೋಟರನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಹಾಕ್ಬೇಕು. ಪೆಟ್ರೋಲಿನ ಡಬ್ಬಿ ಒಡೆದಿತ್ತು. ನಿನ್ನ ಅಪ್ಪ ನಕ್ಕ. ಯೆಜ್ಡಿಯಲ್ಲೂ ಆಯಿಲ್ ಬೆರೆಸಿದ ಪೆಟ್ರೋಲೇ, ಮೋಟರಿಗೂ ಅದೇ, ಎರಡಕ್ಕೂ ಒಂದೇ ಊಟ ಅಂತ ಹೇಳಿ ಟ್ಯಾಂಕ್ ಬಿಚ್ಚಿ ದೋಣಿಗೆ ಕಟ್ಟಿದ. ಒಬ್ಬನೇ ಹೋದ. ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿತು. ನಾನು ಇಲ್ಲಿಂದ ನೋಡ್ತಾ ಇದ್ದೇನೆ. ತಲೆ ಕಾಣುದಿಲ್ಲ. ಆಮೇಲೆ ಈ ಟ್ಯಾಂಕ್ ತೇಲಿತು, ಅದನ್ನು ತಬ್ಬಿಕೊಂಡು ಅವನೂ ತೇಲಿದ. ಕಲ್ಲಿಗೆ ಬಂದು ಬಡಿದಾಗ ಟ್ಯಾಂಕ್ ಜಜ್ಜಿ ಹೋಯ್ತು. ಅದು ನಡುವೆ ಇರದಿದ್ರೆ ಜಜ್ಜುದು ಅವನ ಎದೆ. ನಾನು ಹಗ್ಗ ಕಟ್ಟಿಕೊಂಡು ಇಳಿದು ಎಳೆದೆ.”

“ನಮಗೆ ಯಾಕೆ ಹೇಳ್ಲಿಲ್ಲ?”

“ಕುಮುದಿನಿಗೆ ಗೊತ್ತಾದ್ರೆ ಅವಳಿಗೆ ನನ್ನ ಮೇಲೆ ನಂಬಿಕೆ ಹೋಗ್ತದೆ, ಸಾಯುವವರೆಗೆ ಹೇಳಬೇಡ ಅಂದ. ಯಾರು ಸಾಯುವವರೆಗೆ ಅಂತ ಹೇಳ್ಲಿಲ್ಲ.” ನೂರಾಕ ಗಡ್ಡ ನೀವಿಕೊಂಡರು. “ಗುಜರಿಯಲ್ಲಿ ಬೇರೆ ಟ್ಯಾಂಕ್ ಹುಡುಕಿ, ಬಣ್ಣ ಹೊಡೆಸಿ, ಹತ್ತು ದಿನ ಬಿಟ್ಟು ಹಾಕಿಸಿದೆವು. ಪೈಂಟಿಗೆ ಕೊಟ್ಟದ್ದು ಅಂತ ಅವನು ಮನೆಯಲ್ಲಿ ಹೇಳಿದ್ದ. ಗುರುತು ಇದ್ದದ್ದನ್ನು ಮನೆಗೆ ಮುಟ್ಟಿಸ್ಬೇಕು, ನನಗೂ ಗೊತ್ತುಂಟು. ಮುಟ್ಟಿಸ್ಲಿಲ್ಲ. ಬಿಸಾಡ್ಲಿಕ್ಕೂ ಆಗ್ಲಿಲ್ಲ. ಚಿಕ್ಕದಿರುವಾಗ ನೀನು ಕೂತದ್ದು ಇದರ ಮೇಲೆಯೇ.”

ಕಮಲೇಶನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಪ್ಪನನ್ನು ನೀರಿನಿಂದ ಎಳೆದ ಮನುಷ್ಯನ ಮಗನನ್ನು ಅವನು ಇನ್ನೂರು ಜನರ ಎದುರು ಕಳ್ಳ ಮಾಡಿದ್ದ. ಆ ಮನುಷ್ಯ ಬಾಯಿ ಬಿಟ್ಟಿದ್ದರೆ ಮಗನ ಮರ್ಯಾದೆ ಉಳಿಯುತ್ತಿತ್ತು. ಸತ್ತ ಗೆಳೆಯನಿಗೆ ಕೊಟ್ಟ ಮಾತಿಗಾಗಿ ಬಾಯಿ ಬಿಟ್ಟಿರಲಿಲ್ಲ. ಕಾಲಿಗೆ ಬೀಳಲು ಬಗ್ಗಿದ. ನೂರಾಕ ರಟ್ಟೆ ಹಿಡಿದು ಎಬ್ಬಿಸಿದರು.

“ಅಮ್ಮನಿಗೆ ಹೇಳಬೇಡ,” ಎಂದರು. “ಹುಡುಗನ ವಿಷಯ ಹೇಗಾದ್ರೂ ಸರಿಮಾಡು.”

ಹೇಗಾದರೂ ಎಂದರೆ ಹೇಗೆ? ದಾರಿಯುದ್ದಕ್ಕೂ ತಲೆ ಕೆರೆದುಕೊಂಡ ಕಮಲೇಶನಿಗೆ ಕೊನೆಗೆ ಹೊಳೆದದ್ದು ಒಂದೇ ಉಪಾಯ, ಅದೂ ಪೆದ್ದು ಉಪಾಯ. ಬೈಕಿನ ಟ್ಯಾಂಕನ್ನು ಐಸ್ ಪ್ಲಾಂಟಿನ ವರ್ಕ್‌ಶಾಪಿಗೆ ಒಯ್ದು ಉಳಿ, ಸುತ್ತಿಗೆ ಹಿಡಿದು ಅಡಿಯಲ್ಲಿ ಮೂರು ನೆಟ್ಟಗಿನ ಗೆರೆ, ಮೇಲೆ ಒಂದು ಅಡ್ಡಗೆರೆ ಕೆತ್ತಿದ. ಹಳತಾಗಿ ಕಾಣಲೆಂದು ಉಪ್ಪುನೀರು ಉಜ್ಜಿದ, ಮೇಲೆ ಸುಟ್ಟ ಆಯಿಲ್ ಸವರಿದ. ಹಳೇ ಶೈಲಿಯ ಹೊಸ ಮಾಲು ಮಾಡುವುದರಲ್ಲಿ ಅವನು ಯಾವ ಕಂಪನಿಗೂ ಕಮ್ಮಿ ಇರಲಿಲ್ಲ. ಸಂಜೆ ಮನೆಗೆ ಬಂದು, “ಅಮ್ಮ, ಗುರುತು ಉಂಟು. ಕೆಸರು ಕೂತು ಕಂಡಿರ್ಲಿಲ್ಲ. ನನ್ನದೇ ತಪ್ಪು,” ಎಂದ.

ಕುಮುದಿನಿ ಬಂದು ಕೂತರು. ಬೆರಳು ಆಡಿಸಿದರು. ಕಣ್ಣು ಟ್ಯಾಂಕಿನ ಮೇಲೆ ಇರಲಿಲ್ಲ, ಮಗನ ಮೇಲಿತ್ತು.

“ಚೆನ್ನಾಗಿ ಕೆತ್ತಿದ್ದಿ,” ಎಂದರು.

“ಅಮ್ಮ...”

“ಪೈಂಟ್ ಆಗಿ ಬಂತು ಅಂತ ಅವರು ಹೇಳಿದ ದಿನವೇ ನಾನು ಅಡಿಗೆ ಕೈ ಹಾಕಿ ನೋಡಿದ್ದೇನೆ ಮಗ. ಮೂವತ್ತೇಳು ವರ್ಷ ಆಯ್ತು. ಆಗಲೇ ಇರ್ಲಿಲ್ಲ. ಆ ಉಳ್ಳಾಲದ ಬ್ಯಾರಿಯ ಜೊತೆ ಇಸ್ಪೀಟಾಡಿ ಸೋತು ಬಿಟ್ಟು ಬಂದಿದ್ದಾರೆ ಅಂದ್ಕೊಂಡೆ. ಕೇಳ್ಲಿಕ್ಕೆ ಮನಸ್ಸಾಗ್ಲಿಲ್ಲ. ಸುಳ್ಳು ಹೇಳ್ತಾರೆ, ಅದನ್ನು ನಾನು ಕೇಳ್ಬೇಕು, ಯಾಕೆ ಅಂತ.”

“ಗೊತ್ತಿದ್ದೂ ನೀನು ನನಗೆ ಅಡಿಯಲ್ಲಿ ನೋಡು ಅಂದದ್ದಾ? ಆ ಹುಡುಗನ ಹೆಸರು ನಾನು ಬರೆಯುವಾಗ ಸುಮ್ಮನೆ ಇದ್ದದ್ದಾ?”

“ಹಾಗಾದ್ರೂ ಆ ಮನೆಯಿಂದ ಸತ್ಯ ಹೊರಗೆ ಬರ್ಲಿ ಅಂತ ಸುಮ್ಮನಿದ್ದೆ,” ಎಂದರು ಕುಮುದಿನಿ. ಸ್ವರ ಸಣ್ಣದಾಗಿತ್ತು. “ತಪ್ಪಾಯ್ತು. ಈಗ ಹೇಳು. ಎಲ್ಲಿ ಉಂಟು ಅದು?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಕಮಲೇಶ ಎಲ್ಲವನ್ನೂ ಹೇಳಿದ. ಅಳಿವೆಯ ಮಾತು ಬಂದಾಗ ಅವರು ಕಣ್ಣು ಮುಚ್ಚಿದರು. ಕಲ್ಲಿನ ಮಾತು ಬಂದಾಗ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಗಂಡ ಮಾತು ಮುರಿದದ್ದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಮಾತು ಮುರಿಯದ ಗಂಡಸನ್ನು ಅವರು ಕಂಡೂ ಇರಲಿಲ್ಲ. ಆದರೆ ಗಂಡನ ಜೀವ ಉಳಿಸಿದ ಮನೆಯ ತಿಂಡಿಯನ್ನು ಮೂವತ್ತೇಳು ವರ್ಷ ಬಾಯಿಗಿಡದೆ ದಾಟಿಸಿದ್ದು ಅವರನ್ನು ಸುಟ್ಟಿತು. “ಅವರು ಎಂತೆಲ್ಲ ಅಂದ್ಕೊಂಡಿರ್ಬಹುದು,” ಎಂದು ಎರಡು ಸಲ ಹೇಳಿದರು. ಅತ್ತರು. ಆಮೇಲೆ ಮುಖ ತೊಳೆದು ಬಂದು, ನಾಳೆ ಉಳ್ಳಾಲಕ್ಕೆ ಹೋಗಬೇಕು ಎಂದರು.

ಆ ಸಂಜೆಯೇ ಕಮಲೇಶ ಗುಂಪಿನಲ್ಲಿ ಎಲ್ಲವನ್ನೂ ಬರೆದು, ಗೋದಾಮಿನಲ್ಲಿ ಸಾಕ್ಷಿಗೆಂದು ತೆಗೆದಿದ್ದ ಜಜ್ಜಿದ ಟ್ಯಾಂಕಿನ ಫೋಟೋ ಹಾಕಿ, ಹಿಶಾಮನ ಕ್ಷಮೆ ಕೇಳಿದ. ಮೊದಲ ಸಲ ಅಯ್ಯೋ ಎಂದವರು ಅರವತ್ತು ಜನ. ಈ ಸಲ ಹದಿಮೂರು ಜನ ಕೈ ಮುಗಿದರು. ಹದಿನಾಲ್ಕನೆಯವನು ‘ಇದು ಮಾರಾಟಕ್ಕೆ ಉಂಟಾ’ ಎಂದು ಕೇಳಿದ. ಉಳಿದವರು ಓದಿದರೋ ಇಲ್ಲವೋ. ಕೆಟ್ಟ ಸುದ್ದಿಗೆ ಇರುವ ಕಾಲು ಒಳ್ಳೆಯ ಸುದ್ದಿಗೆ ಇರುವುದಿಲ್ಲ.

ಮರುದಿನ ಕಮಲೇಶ ಯೆಜ್ಡಿ ಓಡಿಸಿಕೊಂಡು ಮುಂದೆ, ಕುಮುದಿನಿ ರಿಕ್ಷಾದಲ್ಲಿ ಹಿಂದೆ, ನೂರಾಕರ ಮನೆ ತಲುಪಿದರು. ಕುಮುದಿನಿ ಒಳಗೆ ಹೋಗಿ ಕೂತು, ಕೊಟ್ಟ ಚಹಾವನ್ನು ಪೂರ್ತಿ ಕುಡಿದರು, ತಟ್ಟೆಯಲ್ಲಿದ್ದದ್ದನ್ನೂ ತಿಂದರು. ನೂರಾಕ ಗೋಣಿಯ ಗಂಟನ್ನು ತಂದು ಅವರ ಕೈಗೇ ಕೊಟ್ಟರು. “ತಡವಾಯ್ತು ಕುಮುದಿನಿಯಕ್ಕ,” ಎಂದರು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, “ನನ್ನದೂ ತಡವಾಯ್ತು,” ಎಂದರು.

ಹಿಶಾಮ್ ಅಂಗಳದಲ್ಲಿದ್ದ. ಕಮಲೇಶ ಹತ್ತಿರ ಹೋಗಿ ಕ್ಷಮೆ ಕೇಳಿದ.

“ಪರವಾಗಿಲ್ಲ,” ಎಂದ ಹಿಶಾಮ್. “ದುಬೈಯಿಂದ ಫೋನ್ ಬಂದಿತ್ತು. ಕಳ್ಳತನದ ಗಲಾಟೆ ಎಂತದು ಅಂತ ಕೇಳಿದ್ರು. ಮ್ಯಾನೇಜರ್ ಬೇರೆಯವರನ್ನು ನೋಡ್ತಾರಂತೆ. ಬರುವ ಭಾನುವಾರದ ಶೋ ಒಂದನ್ನು ಮಾಡಿ ತೋರಿಸು, ಆಮೇಲೆ ಆಲೋಚನೆ ಮಾಡುವ ಅಂದಿದ್ದಾರೆ.”

“ಅದಕ್ಕೇ ಬೈಕ್ ತಂದೆ. ಎಷ್ಟು ದಿನ ಬೇಕಾದ್ರೂ ಇಟ್ಕೊ. ಶಾಂಪೂ ಹಾಕು, ಎಂತ ಬೇಕಾದ್ರೂ ಹಾಕು.” ಕಮಲೇಶ ಕೀ ಚಾಚಿದ. ಏನಾದರೂ ಮಾತು ಬೇಕೆಂದು ಕೇಳಿದ, “ನಿನ್ನ ಆ ಖಾಲಿ ಕಾಲಂ ತುಂಬಿತಾ?”

“ತುಂಬಿತು. ಮಂಗಳೂರಿನವರು ಮೊದಲು ಬೈಕನ್ನು ನೋಡುದಿಲ್ಲ, ಕೊಂಡುಹೋಗ್ಲಿಕ್ಕೆ ಬಂದವನನ್ನು ನೋಡ್ತಾರೆ ಅಂತ ಬರೆದೆ.”

ಕೀ ಮಾತ್ರ ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಒಂದು ಕಾಗದ, ಪೆನ್ನು ತಂದ.

“ಅದೆಲ್ಲ ಎಂತಕ್ಕೆ ಮಾರಾಯ? ನಮ್ಮೊಳಗೆ ಕಾಗದ ಯಾಕೆ?”

“ಇರ್ಲಿ. ಒಳ್ಳೇದು,” ಎಂದ ಹಿಶಾಮ್.

ಮೊಬೈಲಿನಲ್ಲಿ ಬೈಕಿನ ನಾಲ್ಕು ಬದಿಯ ಫೋಟೋ ತೆಗೆದ. ಇಂಜಿನಿನ ನಂಬರ್ ಬರೆದ, ಚಾಸಿಸಿನ ನಂಬರ್ ಬರೆದ. ಆಮೇಲೆ ಒಗೆದ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಮೊಬೈಲಿನ ಬೆಳಕು ಹಾಕಿ, ಟ್ಯಾಂಕಿನ ಅಡಿಗೆ ಇಣುಕಿದ. ಕೆತ್ತಿದ ಗೆರೆಗಳ ಮೇಲೆ ಬೆಳಕನ್ನು ಅತ್ತಿತ್ತ ಹಾಯಿಸಿದ.

“ಇದು ಹೊಸತಲ್ವಾ?”

“ಹೌದು,” ಎಂದ ಕಮಲೇಶ. “ನಾನು ಕೆತ್ತಿದ್ದು.”

ಹಿಶಾಮ್ ನಗಲಿಲ್ಲ. ಅದರದ್ದೂ ಫೋಟೋ ತೆಗೆದು, ಎದ್ದು ಬೆನ್ನಿನ ಮರಳು ಕೊಡವಿಕೊಂಡು, ಕಾಗದವನ್ನು ಸೀಟಿನ ಮೇಲಿಟ್ಟು ಬರೆದ: ‘ಟ್ಯಾಂಕ್ ಮೂಲದ್ದಲ್ಲ. ಅಡಿಯಲ್ಲಿ ಗುರುತು ಇದೆ, ಹೊಸತು.’ ಬರೆದದ್ದನ್ನು ಕಮಲೇಶನ ಕಡೆ ತಿರುಗಿಸಿದ. ಕಮಲೇಶ ಎರಡು ಸಲ ಓದಿದ. ಒಂದಕ್ಷರವೂ ಸುಳ್ಳಿರಲಿಲ್ಲ.

“ಮಾಲಕರ ಸಹಿ ಇಲ್ಲಿ,” ಎಂದ ಹಿಶಾಮ್, ಬೆರಳಿಟ್ಟು ತೋರಿಸಿ. ಕಮಲೇಶಣ್ಣ ಎನ್ನಲಿಲ್ಲ.

ಕಮಲೇಶ ಸಹಿ ಹಾಕಿದ.